ಕಾರ್ಖಾನೆಗೆ ಮುಂಚೆ ಬಾವಿಯ ನೀರನ್ನು ಅಳೆಯಿರಿ



ನಿಮ್ಮ ಬಾವಿಯ ನೀರಿನಲ್ಲಿ ಈ ವರ್ಷ ಎಷ್ಟು ಲವಣಾಂಶವಿದೆ? ಹೋದ ವರ್ಷ ಎಷ್ಟಿತ್ತು? ಈ ಪ್ರಶ್ನೆಗಳಿಗೆ ನಮ್ಮ ಬೇಸಾಯಗಾರರಲ್ಲಿ ಬಹುಪಾಲು ಮಂದಿ "ನೀರು ಸಿಹಿ ಇದೆ" ಅಥವಾ "ಸ್ವಲ್ಪ ಸವಳು" ಎಂದಷ್ಟೇ ಉತ್ತರ ಕೊಡಬಲ್ಲರು. ದಿನನಿತ್ಯದ ಬೇಸಾಯಕ್ಕೆ ಅಷ್ಟು ಸಾಕು. ಆದರೆ ಊರಿನ ಎಲ್ಲೆಯಲ್ಲಿ ಒಂದು ಕಾರ್ಖಾನೆಯೋ, ಗಣಿಯೋ, ಕೈಗಾರಿಕಾ ವಸಾಹತೋ ಬರುತ್ತದೆಂಬ ಸುದ್ದಿ ಹುಟ್ಟಿದ ದಿನದಿಂದ ಅಷ್ಟು ಸಾಲದು. ಮುಂದೆ ನೀರು ಕೆಟ್ಟರೆ "ಮೊದಲು ಚೆನ್ನಾಗಿತ್ತು" ಎಂದು ನೀವು ಹೇಳುವಿರಿ. "ಮೊದಲೇ ಹೀಗಿತ್ತು" ಎಂದು ಎದುರಿನವರು ಹೇಳುವರು. ಯಾರ ಮಾತು ನಿಜವೆಂದು ತೀರ್ಮಾನಿಸಲು ಒಂದು ಅಳತೆ ಬೇಕು. ಕಾರ್ಖಾನೆ ಬಂದ ಮೇಲೆ ಆ ಅಳತೆಯನ್ನು ಮಾಡಲು ಹೊರಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಕೈಗಾರಿಕೆಗಳು ಬೇಡವೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಸಕ್ಕರೆ ಕಾರ್ಖಾನೆ ಇಲ್ಲದೆ ಕಬ್ಬಿಗೆ ಬೆಲೆಯಿಲ್ಲ. ಸಿಮೆಂಟು ಇಲ್ಲದೆ ಕಾಲುವೆಯಿಲ್ಲ. ಆದರೆ ಯಾವುದೇ ಯೋಜನೆಗೆ ಜಾಗ ಗೊತ್ತಾಗುವ ಮುನ್ನ, ಆ ಜಾಗದ ಮಣ್ಣು, ನೀರು, ಬೆಳೆಗಳ ಸ್ಥಿತಿಯ ದಾಖಲೆ ರೈತನ ಕೈಯಲ್ಲೂ ಇರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಯೋಜನೆಯವರ ದಾಖಲೆಯೊಂದನ್ನೇ ನಂಬಿ ಕುಳಿತುಕೊಳ್ಳುವುದು ವಿವೇಕವಲ್ಲ.

ಪಾಲಾರ್ ಕಣಿವೆಯ ಪಾಠ

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ನಮ್ಮ ಕೋಲಾರ ಜಿಲ್ಲೆಯನ್ನು ಹಾದು, ಆಂಧ್ರಪ್ರದೇಶದ ಮೂಲಕ ತಮಿಳುನಾಡಿಗೆ ಹೋಗುವ ನದಿ ಪಾಲಾರ್. ಅಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಸುತ್ತ ನೂರಾರು ಚರ್ಮ ಹದ ಮಾಡುವ ಕಾರ್ಖಾನೆಗಳಿವೆ. ಹಸಿ ಚರ್ಮ ಕೊಳೆಯದಿರಲೆಂದು ಅದಕ್ಕೆ ಉಪ್ಪು ಬೆರೆಸಿಡುತ್ತಾರೆ. ಹದ ಮಾಡುವ ಮೊದಲು ಚರ್ಮವನ್ನು ನೆನೆಸಿ ತೊಳೆದಾಗ ಆ ಉಪ್ಪೆಲ್ಲ ನೀರಿಗೆ ಇಳಿಯುತ್ತದೆ. ಮುಂದಿನ ಹಂತದಲ್ಲಿ ಕ್ರೋಮಿಯಂ ಲವಣವೂ ಸೇರುತ್ತದೆ. ಈ ನೀರು ಹಳ್ಳಕ್ಕೆ, ಕೆರೆಗೆ, ನದಿಯ ಮರಳಿಗೆ ಹರಿದು ಕೊನೆಗೆ ಬಾವಿಗಳನ್ನು ಸೇರಿತು.

ಸೋಡಿಯಂ ಹೆಚ್ಚಾದ ನೀರನ್ನು ಹೊಲಕ್ಕೆ ಹಾಯಿಸಿದರೆ ಮಣ್ಣಿನ ಹರಳುಗಳು ಒಡೆದು ಚದುರುತ್ತವೆ. ಮಳೆ ಬಂದರೆ ನೀರು ಇಂಗುವುದಿಲ್ಲ, ಒಣಗಿದರೆ ನೆಲ ಹೆಪ್ಪುಗಟ್ಟುತ್ತದೆ, ಬೇರಿಗೆ ಗಾಳಿಯಾಡುವುದಿಲ್ಲ. ಇದು ಒಂದೆರಡು ಬೆಳೆಗಳಲ್ಲಿ ಕಣ್ಣಿಗೆ ಕಾಣುವ ಕೆಡುಕಲ್ಲ. ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ.

ಈ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1996ರ ಆಗಸ್ಟ್ 28ರ ತೀರ್ಪಿನಲ್ಲಿ ಎರಡು ಸಮೀಕ್ಷೆಗಳ ಅಂಕಿಗಳನ್ನು ನಮೂದಿಸಲಾಗಿದೆ. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ವೇಲೂರು ಸಂಶೋಧನಾ ಕೇಂದ್ರದ ಸಮೀಕ್ಷೆಯಂತೆ ಸುಮಾರು 35,000 ಹೆಕ್ಟೇರು ಸಾಗುವಳಿ ಭೂಮಿಯು ಭಾಗಶಃ ಇಲ್ಲವೇ ಪೂರ್ತಿಯಾಗಿ ಬೇಸಾಯಕ್ಕೆ ಬಾರದಂತಾಗಿತ್ತು. ದಿಂಡಿಗಲ್ ಕಡೆಯ 13 ಗ್ರಾಮಗಳಲ್ಲಿ ನಡೆದ ಇನ್ನೊಂದು ಸಮೀಕ್ಷೆಯಲ್ಲಿ, ಕುಡಿಯಲು ಹಾಗೂ ನೀರಾವರಿಗೆ ಬಳಸುತ್ತಿದ್ದ 467 ಬಾವಿಗಳ ಪೈಕಿ 350 ಕೆಟ್ಟಿದ್ದವು. ತೀರ್ಪಿನ ನಂತರ ನೇಮಕವಾದ ಪ್ರಾಧಿಕಾರವು 2001ರಲ್ಲಿ ವೇಲೂರು ಜಿಲ್ಲೆಯ 29,193 ಮಂದಿಗೆ 26.82 ಕೋಟಿ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತು. ಭಾಗಿಸಿ ನೋಡಿದರೆ ಒಬ್ಬರಿಗೆ ಸರಾಸರಿ ಹತ್ತು ಸಾವಿರ ರೂಪಾಯಿಯೂ ಬರುವುದಿಲ್ಲ. ಆ ಹಣ ಇನ್ನೂ ತಲಪದವರಿದ್ದರೆ ಅವರಿಗೆ ಪಾವತಿ ಮಾಡಿರೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಮತ್ತೆ ಆದೇಶಿಸಬೇಕಾಯಿತು.

ಇದರಿಂದ ನಾವು ಕಲಿಯಬೇಕಾದ್ದು ಸ್ಪಷ್ಟವಾಗಿದೆ. ಪರಿಹಾರವು ತಡವಾಗಿ ಬರುತ್ತದೆ, ಸಣ್ಣದಾಗಿ ಬರುತ್ತದೆ. ಕೆಟ್ಟ ಬಾವಿಯನ್ನು ಅದು ಸರಿಪಡಿಸುವುದಿಲ್ಲ. ಆದ್ದರಿಂದ ಹೋರಾಟದ ಶಕ್ತಿಯನ್ನೆಲ್ಲ ಪರಿಹಾರಕ್ಕೆಂದು ಉಳಿಸಿಕೊಳ್ಳದೆ, ಜಾಗದ ಆಯ್ಕೆಯ ಹೊತ್ತಿನಲ್ಲಿಯೇ ಅದನ್ನು ಬಳಸಬೇಕು.

ಜಾಗದ ಆಯ್ಕೆಯೇ ಅರ್ಧ ಕೆಲಸ

ಕಾರ್ಖಾನೆಯಲ್ಲಿ ಎಷ್ಟೇ ಒಳ್ಳೆಯ ಶುದ್ಧೀಕರಣ ಯಂತ್ರವಿದ್ದರೂ ಜಾಗ ತಪ್ಪಾಗಿದ್ದರೆ ತೊಂದರೆ ತಪ್ಪಿದ್ದಲ್ಲ. ಉದಾಹರಣೆಗೆ ಮಾವನ್ನೇ ನೋಡಿ. ಇಟ್ಟಿಗೆ ಗೂಡಿನ ಹೊಗೆ ತಾಗಿದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಇದಕ್ಕೆ ಕಪ್ಪುತುದಿ ರೋಗವೆಂದು ಹೆಸರು. ಉತ್ತರ ಭಾರತದ ತೋಟಗಳಲ್ಲಿ ಇದು ನೂರು ವರ್ಷಗಳಿಗೂ ಹಿಂದಿನಿಂದ ತಿಳಿದಿರುವ ಸಂಗತಿ. ಇದು ಶಿಲೀಂಧ್ರದಿಂದ ಬರುವ ರೋಗವಲ್ಲ, ಅನಿಲಗಳಿಂದ ಆಗುವ ಹಾನಿ. ಗೂಡು ಮತ್ತು ತೋಟದ ನಡುವೆ ಅಂತರವಿರುವುದೇ ಇದಕ್ಕೆ ಮುಖ್ಯ ಮದ್ದು. ಕೇಂದ್ರ ಸರ್ಕಾರವು 2022ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮದಂತೆ ಹೊಸ ಇಟ್ಟಿಗೆ ಗೂಡು ಜನವಸತಿಯಿಂದ ಹಾಗೂ ಹಣ್ಣಿನ ತೋಟದಿಂದ ಕನಿಷ್ಠ 0.8 ಕಿಲೋಮೀಟರು ದೂರವಿರಬೇಕು. ಶ್ರೀನಿವಾಸಪುರದಂಥ ಮಾವಿನ ಸೀಮೆಯವರು ಈ ಅಂಕಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಜಾಗದ ಆಯ್ಕೆ ತಪ್ಪಿದರೆ ರೈತರಿಗೆಂದೇ ಕಟ್ಟಿದ ಕೆಲಸವೂ ಕೆಡುತ್ತದೆ. ತಮಿಳುನಾಡಿನ ನೊಯ್ಯಲ್ ನದಿಗೆ 1992ರಲ್ಲಿ ಒರತುಪಾಳಯಂ ಎಂಬಲ್ಲಿ ನೀರಾವರಿಗಾಗಿ ಅಣೆಕಟ್ಟೆ ಕಟ್ಟಿದರು. ಮೇಲ್ಗಡೆ ತಿರುಪ್ಪೂರು ಪಟ್ಟಣ. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ನೂರಾರು ಘಟಕಗಳು. ಬಣ್ಣದ ಉಪ್ಪು ನೀರೆಲ್ಲ ಜಲಾಶಯದಲ್ಲಿ ಬಂದು ನಿಂತಿತು. ಕಡೆಗೆ ಅಣೆಕಟ್ಟೆಯ ನೀರನ್ನು ಬಿಡಬೇಡಿರೆಂದು ಕೆಳಗಿನ ರೈತರೇ ಕೇಳಿಕೊಳ್ಳುವಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನು ಮುಚ್ಚಿಸಲು ಆದೇಶಿಸಿತು. ಒಂದು ಯೋಜನೆಯನ್ನು ಬಿಡಿಯಾಗಿ ನೋಡಿದರೆ ಸಾಲದು, ಅದರ ಮೇಲೆ ಏನಿದೆ, ಕೆಳಗೆ ಏನಿದೆ ಎಂಬುದನ್ನೂ ಸೇರಿಸಿ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೇಂದ್ರ ಪರಿಸರ ಇಲಾಖೆಯು 1985ರಲ್ಲಿಯೇ ಕೈಗಾರಿಕೆಗಳ ಸ್ಥಳ ಆಯ್ಕೆಗೆ ಮಾರ್ಗಸೂಚಿಗಳನ್ನು ಕೊಟ್ಟಿತು. ಉತ್ತಮ ಸಾಗುವಳಿ ಭೂಮಿಯನ್ನು ಕೈಗಾರಿಕೆಗೆ ಮಾರ್ಪಡಿಸಬಾರದು ಎಂಬುದು ಅವುಗಳಲ್ಲೊಂದು. ಆದರೆ "ಉತ್ತಮ ಭೂಮಿ" ಎಂಬುದನ್ನು ತೋರಿಸಿಕೊಡುವವರು ಯಾರು? ಕಾಗದದ ಮೇಲೆ ಎಲ್ಲ ಒಣಭೂಮಿಯೂ "ಬರಡು" ಎಂದಾಗಿಬಿಡುವುದು ಸುಲಭ. ಎಕರೆಗೆ ಇಷ್ಟು ಕ್ವಿಂಟಾಲು ರಾಗಿ, ಇಷ್ಟು ತೊಗರಿ ಬಂದಿದೆ ಎಂಬ ಐದಾರು ವರ್ಷಗಳ ಲೆಕ್ಕ ನಿಮ್ಮಲ್ಲಿದ್ದರೆ ಆ ಮಾತಿಗೆ ಅಲ್ಲಿಯೇ ಉತ್ತರ ಸಿಗುತ್ತದೆ.

ವರದಿಯಲ್ಲಿ ಇಲ್ಲದ್ದು

2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಅದಕ್ಕಾಗಿ ಪರಿಸರದ ಮೇಲಾಗುವ ಪರಿಣಾಮದ ವರದಿಯೊಂದನ್ನು ತಯಾರಿಸುತ್ತಾರೆ. ಈ ವರದಿಯನ್ನು ಬರೆಯುವ ಸಲಹೆಗಾರರಿಗೆ ಹಣ ಕೊಡುವವರು ಯೋಜನೆಯವರೇ. ಸಲಹೆಗಾರರೆಲ್ಲ ಸುಳ್ಳು ಬರೆಯುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಅವರ ಅಧ್ಯಯನಕ್ಕೆ ಇರುವ ಕಾಲಮಿತಿಯನ್ನು ಗಮನಿಸಿ. ಅನೇಕ ಯೋಜನೆಗಳಲ್ಲಿ ಮಳೆಗಾಲವನ್ನು ಬಿಟ್ಟು ಒಂದು ಋತುವಿನ, ಎಂದರೆ ಸುಮಾರು ಮೂರು ತಿಂಗಳ ಅಳತೆ ಸಾಕೆನಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಜಾಗದ ಸುತ್ತ 10 ಕಿಲೋಮೀಟರು ಅಧ್ಯಯನ ಕ್ಷೇತ್ರ.

ಬೇಸಾಯ ಮೂರು ತಿಂಗಳಲ್ಲಿ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ಅಳೆದವರಿಗೆ ಮಳೆಗಾಲದಲ್ಲಿ ಹಳ್ಳ ಯಾವ ಹೊಲಕ್ಕೆ ನುಗ್ಗುತ್ತದೆ ಎಂಬುದು ತಿಳಿಯದು. ಗಾಳಿಯ ದಿಕ್ಕೂ ಹಾಗೆಯೇ. ಮುಂಗಾರಿನಲ್ಲಿ ನೈರುತ್ಯದಿಂದ ಬೀಸಿದ್ದು ಹಿಂಗಾರಿನಲ್ಲಿ ಈಶಾನ್ಯದಿಂದ ಬೀಸುತ್ತದೆ. ಕಲಬುರಗಿ ಜಿಲ್ಲೆಯ ತೊಗರಿ ಹೂ ಬಿಡುವುದು ಮುಂಗಾರು ಹಿಂದೆ ಸರಿದ ಮೇಲೆ. ಸುಣ್ಣಕಲ್ಲಿನ ಗಣಿ, ಸಿಮೆಂಟು ಕಾರ್ಖಾನೆಗಳಿರುವ ಆ ಸೀಮೆಯಲ್ಲಿ ಮಾರ್ಚಿಯಿಂದ ಮೇವರೆಗೆ ಧೂಳನ್ನು ಅಳೆದರೆ, ಹೂವಿನ ಕಾಲದಲ್ಲಿ ಧೂಳು ಯಾವ ಹೊಲದ ಮೇಲೆ ಕೂರುತ್ತದೆಂದು ಅದು ಹೇಳಲಾರದು. ಎಲೆಯ ಮೇಲೆ ಧೂಳು ಕೂತರೆ ಬೆಳಕು ತಗ್ಗುತ್ತದೆ, ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಈ ಲೆಕ್ಕವನ್ನು ವರ್ಷಪೂರ್ತಿ ಹೊಲದಲ್ಲಿರುವವನೇ ಕೊಡಬಲ್ಲ.

ಅಳತೆ ಹೇಗಿರಬೇಕು?

ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಗಟ್ಟಿ ರಟ್ಟಿನ ಪುಸ್ತಕ, ಗಂಟು ಹಾಕಿದ ಹಗ್ಗ, ಕೆಲವು ಶುಭ್ರವಾದ ಪ್ಲಾಸ್ಟಿಕ್ ಬಾಟಲಿ, ಇವುಗಳಿಂದ ಕೆಲಸ ಆರಂಭಿಸಬಹುದು.

1. ನೀರಿನ ಮಟ್ಟ: ಊರಿನಲ್ಲಿ ನಾಲ್ಕೈದು ಬಾವಿಗಳನ್ನು ಆರಿಸಿಕೊಳ್ಳಿ. ಜನವರಿ, ಮೇ, ಆಗಸ್ಟ್, ನವೆಂಬರ್ ಹೀಗೆ ವರ್ಷಕ್ಕೆ ನಾಲ್ಕು ಸಲ ನೆಲಮಟ್ಟದಿಂದ ನೀರು ಎಷ್ಟು ಅಡಿ ಕೆಳಗಿದೆ ಎಂದು ಬರೆದಿಡಿ. ಪಂಪು ನಿಲ್ಲಿಸಿ ನೀರು ನಿಂತ ಮೇಲೆಯೇ ಅಳೆಯಬೇಕು.

2. ನೀರಿನ ಗುಣ: ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಕಂಠದವರೆಗೆ ತುಂಬಿ. ಕೊಳವೆಬಾವಿಯಾದರೆ ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿದ ನಂತರ ಹಿಡಿಯಿರಿ. ಬೇಗನೆ ಪ್ರಯೋಗಾಲಯಕ್ಕೆ ತಲಪಿಸಿ ರಸಸಾರ, ವಿದ್ಯುತ್ ವಾಹಕತೆ, ಸೋಡಿಯಂ ಇವುಗಳನ್ನು ಪರೀಕ್ಷೆ ಮಾಡಿಸಿ. ವಾಹಕತೆಯು ಲವಣಾಂಶವನ್ನು ತೋರಿಸುವ ಅಂಕಿ. ಅದು 0.7 ಡೆಸಿಸೀಮನ್ಸ್‌ಗಿಂತ ಕಡಿಮೆ ಇದ್ದರೆ ನೀರು ಎಲ್ಲ ಬೆಳೆಗಳಿಗೂ ಒಳ್ಳೆಯದು. 3 ದಾಟಿದರೆ ಹೆಚ್ಚಿನ ಬೆಳೆಗಳಿಗೆ ಕಷ್ಟ. ಮಣ್ಣಿನಲ್ಲಿ ಈ ಅಂಕಿ 1 ದಾಟುತ್ತಲೇ ಹುರುಳಿಕಾಯಿಯ ಇಳುವರಿ ಇಳಿಯತೊಡಗುತ್ತದೆ. ಭತ್ತ 3ರವರೆಗೆ, ಹತ್ತಿ 7ಕ್ಕೂ ಮೇಲೆ ತಡೆದುಕೊಳ್ಳುತ್ತವೆ. ನಾಲಿಗೆಗೆ ಉಪ್ಪು ತಿಳಿಯುವ ಮುಂಚೆಯೇ ಹುರುಳಿಕಾಯಿಗೆ ತಿಳಿದಿರುತ್ತದೆ.

3. ಮಣ್ಣು: 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ಅನೇಕರ ಮನೆಯಲ್ಲಿದೆ. ಅದರಲ್ಲಿ ರಸಸಾರ, ವಾಹಕತೆ ಸೇರಿ 12 ಅಂಶಗಳಿರುತ್ತವೆ. ಗೊಬ್ಬರದ ಶಿಫಾರಸು ಓದಿದ ಮೇಲೆ ಅದನ್ನು ಎಸೆಯಬೇಡಿ. ಅದು ನಿಮ್ಮ ಹೊಲದ ಹಳೆಯ ಸ್ಥಿತಿಗೆ ಸರ್ಕಾರವೇ ಕೊಟ್ಟ ಸಾಕ್ಷಿ. ಆದರೆ ಆ ಚೀಟಿಯಲ್ಲಿ ಕ್ರೋಮಿಯಂ, ಸೀಸದಂಥ ವಿಷಲೋಹಗಳ ಲೆಕ್ಕವಿರುವುದಿಲ್ಲ. ಬರುವ ಕಾರ್ಖಾನೆಯಿಂದ ಅಂಥ ಲೋಹ ಹೊರಬೀಳುವುದಾದರೆ ಅದನ್ನು ಬೇರೆಯಾಗಿ ಪರೀಕ್ಷೆ ಮಾಡಿಸಬೇಕು.

4. ಬೆಳೆ: ಸರ್ವೆ ನಂಬರ್‌ವಾರು ಬಿತ್ತಿದ ದಿನ, ಹೂ ಬಿಟ್ಟ ದಿನ, ಎಕರೆ ಇಳುವರಿ, ಆ ವರ್ಷದ ಮಳೆ. ಮಾರಾಟದ ರಸೀದಿಗಳನ್ನು ಇದರೊಡನೆ ಇಡಿ.

5. ಹೋಲಿಕೆಯ ಬಾವಿ: ಇದನ್ನು ಮರೆಯುವವರೇ ಹೆಚ್ಚು. ಯೋಜನೆಯ ಜಾಗದಿಂದ ದೂರದಲ್ಲಿ, ಇಳಿಜಾರಿನ ಮೇಲ್ಗಡೆ ಇರುವ ಒಂದು ಬಾವಿಯನ್ನೂ ಅದೇ ದಿನ ಅದೇ ರೀತಿ ಅಳೆಯಿರಿ. ಬರಗಾಲದಲ್ಲಿ ನೀರು ತಗ್ಗಿದಾಗ ಲವಣಾಂಶ ತಾನಾಗಿಯೇ ಏರುವುದುಂಟು. ಎರಡೂ ಬಾವಿಗಳಲ್ಲಿ ಏರಿದ್ದರೆ ಅದು ಬರದ ಕಾರಣವಿರಬಹುದು. ಕೆಳಗಿನ ಬಾವಿಯಲ್ಲಿ ಮಾತ್ರ ಏರಿದ್ದರೆ ಕಾರಣವನ್ನು ಹತ್ತಿರದಲ್ಲಿ ಹುಡುಕಬೇಕು. ಈ ಒಂದು ಬಾವಿಯ ಲೆಕ್ಕವಿಲ್ಲದಿದ್ದರೆ ಉಳಿದ ಲೆಕ್ಕಕ್ಕೆ ಅರ್ಧ ಬೆಲೆ. ತಪ್ಪು ಮಾಡದ ಕಾರ್ಖಾನೆಯನ್ನು ಸುಳ್ಳು ದೂರಿನಿಂದ ಕಾಪಾಡುವುದೂ ಇದೇ ಬಾವಿ ಎಂಬುದನ್ನು ಯೋಜನೆಯವರಿಗೂ ಹೇಳಬಹುದು.

ಸಭೆಗೆ ಯಾವಾಗ ಹೋಗಬೇಕು?

ಅಧಿಸೂಚನೆಯಲ್ಲಿ ಹೇಳಿರುವ ಯೋಜನೆಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ವರದಿಯ ಸಾರಾಂಶವು ಕನ್ನಡದಲ್ಲಿಯೂ ಇರಬೇಕು. ಜಿಲ್ಲಾಧಿಕಾರಿಗಳ ಕಚೇರಿಯೂ ಸೇರಿದಂತೆ ಗೊತ್ತುಪಡಿಸಿದ ಕಚೇರಿಗಳಲ್ಲಿ ಅದು ನೋಡಲು ಸಿಗಬೇಕು. ಜಿಲ್ಲಾಧಿಕಾರಿಗಳು ಅಥವಾ ಅಪರ ಜಿಲ್ಲಾಧಿಕಾರಿಗಳಿಗೆ ಕಡಿಮೆಯಲ್ಲದ ಅವರ ಪ್ರತಿನಿಧಿಗಳು ಅಧ್ಯಕ್ಷತೆ ವಹಿಸುತ್ತಾರೆ. ಸಭೆಯ ಕೊನೆಯಲ್ಲಿ ನಡವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂದು ನಿಯಮವಿದೆ. ಅದು ಮುಗಿಯುವ ತನಕ ಎದ್ದು ಬರಬೇಡಿ. ನಿಮ್ಮ ಮಾತು ಅದರಲ್ಲಿ ಸೇರಿದೆಯೇ ಎಂದು ಕೇಳಿ. ಸಭೆಗೆ ಹೋಗಲಾಗದವರು ಬರಹದಲ್ಲಿಯೂ ಆಕ್ಷೇಪಣೆ ಕಳಿಸಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪರಿಸರ ಅನುಮತಿ ಪಡೆದ ಕೈಗಾರಿಕಾ ವಸಾಹತಿನೊಳಗೆ ಬರುವ ಕಾರ್ಖಾನೆಗಳಿಗೆ ಸಾಮಾನ್ಯವಾಗಿ ಮತ್ತೆ ಬೇರೆ ಸಭೆ ಇರುವುದಿಲ್ಲ. ಆದ್ದರಿಂದ ವಸಾಹತಿಗಾಗಿ ನಡೆಯುವ ಸಭೆಯೇ ನಿಮ್ಮ ಮುಖ್ಯ ಅವಕಾಶ. ಅದಕ್ಕೂ ಮುಂಚೆ, 1966ರ ಕರ್ನಾಟಕ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆಯಂತೆ ಜಮೀನಿನ ನೋಟೀಸು ಕೈಗೆ ಬಂದಾಗ ಆಕ್ಷೇಪಣೆಗೆ 30 ದಿನಗಳ ಕಾಲಾವಕಾಶವಿರುತ್ತದೆ. ಆ ದಿನಗಳಲ್ಲಿ ಊರೆಲ್ಲ ಎಕರೆಗೆ ಎಷ್ಟು ಬೆಲೆ ಎಂಬ ಮಾತಿನಲ್ಲಿಯೇ ಮುಳುಗಿರುವುದು ಸಾಮಾನ್ಯ. ಜಮೀನು ಬಿಟ್ಟುಕೊಡುವವರಿಗೆ ಬೆಲೆಯ ಪ್ರಶ್ನೆ ದೊಡ್ಡದೇ. ಆದರೆ ಜಮೀನು ಉಳಿಸಿಕೊಂಡು ಪಕ್ಕದಲ್ಲೇ ಬೇಸಾಯ ಮಾಡುವವರಿಗೆ ಬೆಲೆಯೂ ಇಲ್ಲ, ನೋಟೀಸೂ ಇಲ್ಲ. ಅವರೇ ಹೆಚ್ಚು ಎಚ್ಚರವಾಗಿರಬೇಕಾದವರು.

ಅನುಮತಿ ಸಿಕ್ಕಿದ ಮೇಲೂ ಬಾಗಿಲು ಮುಚ್ಚುವುದಿಲ್ಲ. ಅನುಮತಿಯ ಆದೇಶ ತಿಳಿದ 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ. ಯೋಜನೆಯವರು ಷರತ್ತುಗಳ ಪಾಲನೆಯ ಬಗೆಗೆ ಆರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕು. ಆ ವರದಿಯ ಅಂಕಿಯನ್ನು ನಿಮ್ಮ ಪುಸ್ತಕದ ಅಂಕಿಯ ಪಕ್ಕದಲ್ಲಿಟ್ಟು ನೋಡಿ.

ಎರಡು ಆಕ್ಷೇಪಣೆಗಳು

"ರೈತರು ಬರೆದ ಪುಸ್ತಕಕ್ಕೆ ಕಾನೂನಿನ ಬೆಲೆಯಿಲ್ಲ" ಎಂದು ಹೇಳುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. 1974ರ ಜಲ ಮಾಲಿನ್ಯ ಕಾಯ್ದೆಯಂತೆ, ಕಾರ್ಖಾನೆಯ ಕೊಳೆನೀರಿನ ಪರೀಕ್ಷೆಯು ಸಾಕ್ಷ್ಯವಾಗಬೇಕಾದರೆ ಮಂಡಳಿಯ ಅಧಿಕಾರಿಯೇ ಕ್ರಮಬದ್ಧವಾಗಿ ಮಾದರಿ ತೆಗೆದು ಮೊಹರು ಮಾಡಬೇಕು. ಆದರೆ ಆ ಅಧಿಕಾರಿ ಯಾವ ಬಾವಿಗೆ, ಯಾವ ತಿಂಗಳಲ್ಲಿ ಬರಬೇಕೆಂಬುದನ್ನು ನಿಮ್ಮ ಪುಸ್ತಕ ತೋರಿಸುತ್ತದೆ. ಬರಿಗೈಯಲ್ಲಿ ಹೋದವನ ದೂರು ಕಡತ ಸೇರುತ್ತದೆ. ದಿನಾಂಕ, ಸರ್ವೆ ನಂಬರ್, ಪ್ರಯೋಗಾಲಯದ ಚೀಟಿ ಇಟ್ಟುಕೊಂಡು ಹೋದವನ ದೂರಿಗೆ ಉತ್ತರ ಬರೆಯಲೇಬೇಕಾಗುತ್ತದೆ.

"ಇದೆಲ್ಲ ಅಡ್ಡಗಾಲು ಹಾಕುವ ಕೆಲಸ, ಹುಡುಗರಿಗೆ ಉದ್ಯೋಗ ಬೇಡವೇ?" ಎಂಬುದು ಇನ್ನೊಂದು ಆಕ್ಷೇಪಣೆ. ಉದ್ಯೋಗ ಖಂಡಿತ ಬೇಕು. ಒಂದೇ ಹೋಬಳಿಯಲ್ಲಿ ಎರಡು ಮೂರು ಜಾಗಗಳಿದ್ದಾಗ, ಹಳ್ಳದ ಮೇಲ್ಗಡೆಯ ತೋಟದ ನೆಲವನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಿ ಎಂದು ಅಂಕಿಗಳನ್ನಿಟ್ಟು ಹೇಳುವುದು ಅಡ್ಡಗಾಲಲ್ಲ, ಸಹಾಯ. ಕೆಟ್ಟ ಜಾಗದಲ್ಲಿ ಕೂತ ಕಾರ್ಖಾನೆ ಮುಂದೊಂದು ದಿನ ನ್ಯಾಯಾಲಯದಿಂದ ಮುಚ್ಚಿದರೆ ಉದ್ಯೋಗವೂ ಹೋಯಿತು, ಬಾವಿಯೂ ಹೋಯಿತು. ತಿರುಪ್ಪೂರಿನಲ್ಲಿ ಘಟಕಗಳು ಮುಚ್ಚಿದಾಗ ಕೆಲಸಗಾರರೂ ಕಷ್ಟಪಟ್ಟರು.

ನಮ್ಮ ಮೇಲಿರುವ ಹೊಣೆ

ಎಲ್ಲವನ್ನೂ ರೈತರ ತಲೆಗೇ ಕಟ್ಟುವುದು ನ್ಯಾಯವಲ್ಲ. ನಾವು ಕೃಷಿ ವಿಜ್ಞಾನಿಗಳು ಗೊಬ್ಬರದ ಪ್ರಮಾಣ ಹೇಳಿ ಸುಮ್ಮನಾಗಬಾರದು. ಯೋಜನೆಗಳು ಬರಲಿರುವ ತಾಲ್ಲೂಕುಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳು ಊರಿನವರ ಜೊತೆ ನಿಂತು ವರ್ಷದ ನಾಲ್ಕು ಕಾಲದ ಅಳತೆಯನ್ನು ಮಾಡಿಸಬೇಕು. ಪ್ರಯೋಗಾಲಯದ ಪ್ರತಿ ಚೀಟಿಯ ಮೇಲೆ ದಿನಾಂಕ ಮತ್ತು ಸರ್ವೆ ನಂಬರ್ ತಪ್ಪದೆ ಇರಬೇಕು. ಪರಿಣಾಮದ ವರದಿಯಲ್ಲಿ ಆ ಸೀಮೆಯ ಬೆಳೆಗಳ ಬಿತ್ತನೆ, ಹೂವು, ಕೊಯ್ಲಿನ ಕಾಲಪಟ್ಟಿ ಕಡ್ಡಾಯವಾಗಬೇಕು. ಸಲಹೆಗಾರರು ಮಾದರಿ ತೆಗೆಯುವ ದಿನ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೊಬ್ಬರು ಹಾಜರಿದ್ದು ಸಹಿ ಹಾಕುವಂತಾಗಬೇಕು. ಇವು ಕಷ್ಟದ ಕೆಲಸಗಳಲ್ಲ, ಮನಸ್ಸು ಮಾಡಬೇಕಷ್ಟೆ.

ನಿಯಮಗಳು ಬದಲಾಗುವ ತನಕ ಕಾಯಬೇಡಿ. ಸದ್ಯಕ್ಕೆ ನಿಮ್ಮೂರಿಗೆ ಯಾವ ಯೋಜನೆಯ ಸುದ್ದಿಯೂ ಇಲ್ಲದಿರಬಹುದು. ಅಳತೆ ಆರಂಭಿಸಲು ಅದೇ ಸರಿಯಾದ ಕಾಲ. ಆಗ ಅದನ್ನು ಯಾರ ವಿರುದ್ಧ ಬರೆದದ್ದೆಂದೂ ಯಾರೂ ಹೇಳಲಾರರು. ಪಹಣಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ನಾವು, ಆ ಪಹಣಿಯಲ್ಲಿರುವ ನೆಲ ಮತ್ತು ನೀರಿನ ಗುಣದ ಲೆಕ್ಕವನ್ನೂ ಅದರ ಜೊತೆಯಲ್ಲೇ ಪೆಟ್ಟಿಗೆಯಲ್ಲಿಡೋಣ. ಬರುವ ಮೇ ತಿಂಗಳಲ್ಲಿ ನಿಮ್ಮ ಊರಿನ ನಾಲ್ಕು ಬಾವಿಗಳಿಗೆ, ಜೊತೆಗೆ ಮೇಲ್ಗಡೆಯ ಆ ಒಂದು ಬಾವಿಗೆ ಹಗ್ಗ ಇಳಿಸಿ ಮೊದಲ ಸಾಲನ್ನು ಬರೆಯಿರಿ.